ಗಡಿಯಾಚೆಯ ಕಳ್ಳರೂ ನೆರೆರಾಷ್ಟ್ರಗಳ ಸಹಕಾರವೂ



ನಮ್ಮ ಹತ್ತನೆಯ ತರಗತಿಯ ಪೌರನೀತಿಯ ಪಾಠಗಳಲ್ಲಿ ರಾಷ್ಟ್ರಗಳ ಪರಸ್ಪರ ಸಹಕಾರವೆಂಬದು ಒಂದು ವಿಷಯವಾಗಿರುತ್ತದೆ. ಹುಡುಗಿಯರು ಇದನ್ನು ಒಣ ಪಾಠವೆಂದು ಎಣಿಸಿ ಪರೀಕ್ಷೆಯ ಮಟ್ಟಿಗೆ ಬಾಯಿಪಾಠ ಮಾಡಿ ಬಿಟ್ಟುಬಿಡುವದುಂಟು. ಆದರೆ ಈ ಐದಾರು ವರುಷಗಳಲ್ಲಿ ಆ ವಿಷಯವು ನಮ್ಮ ಮನೆಗಳ ಹೊಸ್ತಿಲನ್ನು ದಾಟಿ ಒಳಗೆ ಬಂದಿದೆ. ಯಾಕಂದರೆ ಪ್ರತಿಯೊಬ್ಬರ ಕೈಯಲ್ಲಿ ಮೊಬೈಲ್ ಫೋನು ಇರುತ್ತದೆ. ಅದರ ಮೂಲಕ ಹಣವೂ ಹೋಗುತ್ತದೆ, ಕಳ್ಳನೂ ಬರುತ್ತಾನೆ. ಆದಕಾರಣ ಸೈಬರ್ ಸುರಕ್ಷತೆಯೆಂದು ವೃತ್ತಪತ್ರಗಳು ಕರೆಯುವ ಈ ರಕ್ಷಣೆಯ ಕೆಲಸದಲ್ಲಿ ನೆರೆಯ ದೇಶಗಳು ಒಂದಕ್ಕೊಂದು ಹೇಗೆ ಸಹಾಯ ಮಾಡುತ್ತವೆ, ಎಲ್ಲಿ ಮಾಡಲಾರದೆ ಹೋಗುತ್ತವೆ ಎಂಬದನ್ನು ತರಗತಿಯಲ್ಲಿ ಹೇಳುವಂತೆಯೇ ಇಲ್ಲಿ ಬರೆಯುತ್ತೇನೆ.

ಮೊದಲು ನಮ್ಮ ಊರ ಸುತ್ತಲಿನ ಭೂಗೋಲವನ್ನೇ ನೆನಪಿಗೆ ತಂದುಕೊಳ್ಳಿರಿ. ವಿಜಯಪುರದಿಂದ ಪಡುವಲಿಗೆ ಹೊರಟರೆ ತಿಕೋಟಾ ಸಿಗುತ್ತದೆ. ಅಲ್ಲಿಂದ ಮುಂದೆ ಬಹಳ ದೂರ ಹೋಗದೆಯೇ ಜತ್ತ ಸೀಮೆಯು ತೊಡಗುತ್ತದೆ. ನೈಋತ್ಯಕ್ಕೆ ಹೊರಟರೆ ಬಬಲೇಶ್ವರವನ್ನು ದಾಟಿ ಜಮಖಂಡಿಯ ದಾರಿ. ಇಂದು ಜತ್ತವು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೂ ಜಮಖಂಡಿಯು ನಮ್ಮ ನೆರೆಯ ಬಾಗಲಕೋಟ ಜಿಲ್ಲೆಗೂ ಸೇರಿರುತ್ತವೆ. ಆದರೆ 1948ರ ವರೆಗೆ ಇವೆರಡೂ ಬೇರೆ ಬೇರೆ ಸಂಸ್ಥಾನಗಳಾಗಿದ್ದವು. ಬಿಜಾಪುರ ಜಿಲ್ಲೆಯಾದರೋ ಇಂಗ್ಲಿಷರ ಆಳಿಕೆಗೆ ಒಳಪಟ್ಟಿತ್ತು. ತಿಕೋಟಾದಲ್ಲಿ ಎತ್ತು ಕದ್ದವನು ರಾತ್ರೋರಾತ್ರಿ ಜತ್ತದ ಎಲ್ಲೆಯನ್ನು ದಾಟಿದನೆಂದರೆ, ಇಲ್ಲಿಯ ಫೌಜದಾರನು ಎಲ್ಲೆಯ ಕಲ್ಲಿನ ಹತ್ತಿರ ನಿಂತು ಆಚೆಯ ಅಧಿಕಾರಿಗಳಿಗೆ ಕಾಗದ ಬರೆಯಬೇಕಾಗಿತ್ತು. ಇಂಥ ಕಳ್ಳರನ್ನು ಒಬ್ಬರಿಗೊಬ್ಬರು ಒಪ್ಪಿಸುವ ಸಲುವಾಗಿಯೇ 1903ರಲ್ಲಿ ಒಂದು ಕಾಯಿದೆಯು ಮಾಡಲ್ಪಟ್ಟಿತು. ಜತ್ತದ ಮೇಲ್ವಿಚಾರಣೆಯು ಬಿಜಾಪುರದ ಕಲೆಕ್ಟರರ ಕಡೆಗೇ ಇದ್ದದ್ದರಿಂದ ಅಲ್ಲಿಯ ಕಾಗದಗಳು ಬೇಗ ಸಾಗಿದ್ದಿರಬಹುದು. ಎರಡು ಆಳಿಕೆಗಳಿಗೂ ಪರಿಚಯವಿರುವ ಒಬ್ಬ ಅಧಿಕಾರಿಯಿದ್ದರೆ ಕೆಲಸವು ಸುಲಭವಾಗುತ್ತದೆ. ಈ ಮಾತನ್ನು ಮುಂದಕ್ಕೆ ನೆನಪಿಡಿರಿ.

ಇಂದು ಆ ಎಲ್ಲೆಯು ಅಷ್ಟು ಕಠಿಣವಾಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ಚಡಚಣದ ಬ್ಯಾಂಕನ್ನು ದೋಚಿದವರು ಸೋಲಾಪುರ ಜಿಲ್ಲೆಯ ಹುಲಜಂತಿಯ ಕಡೆಗೆ ಓಡಿದಾಗ, ಉಭಯ ರಾಜ್ಯಗಳ ಪೊಲೀಸರು ಕೂಡಿಯೇ ಹುಡುಕಿದರು. ಎರಡು ರಾಜ್ಯಗಳಿಗೂ ಒಂದೇ ದಂಡಸಂಹಿತೆ, ಮೇಲೆ ಒಂದೇ ಸುಪ್ರೀಂ ಕೋರ್ಟು. ಆದರೆ ಕಳ್ಳನು ಎಲ್ಲೆಯನ್ನು ದಾಟಿ ಓಡುವದೇ ಇಲ್ಲ, ಮೊದಲಿನಿಂದಲೂ ಎಲ್ಲೆಯ ಆಚೆಗೇ ಕುಳಿತಿದ್ದಾನೆ, ಅದೂ ಬೇರೊಂದು ದೇಶದಲ್ಲಿ, ಎಂದಾದರೆ ಏನು ಮಾಡತಕ್ಕದ್ದು?

ಇದಕ್ಕೆ ದೃಷ್ಟಾಂತವನ್ನು ದೂರದಿಂದ ತರಬೇಕಾಗಿಲ್ಲ. 2024ನೆಯ ಅಕ್ಟೋಬರ್ 27ನೆಯ ತಾರೀಖು ಪ್ರಧಾನಮಂತ್ರಿಗಳು ತಮ್ಮ ತಿಂಗಳ ಬಾನುಲಿ ಭಾಷಣದಲ್ಲಿ ಒಂದು ಸಂಭಾಷಣೆಯನ್ನು ದೇಶಕ್ಕೆಲ್ಲ ಕೇಳಿಸಿದರು. ಪೊಲೀಸು ಅಧಿಕಾರಿಯೆಂದು ಹೇಳಿಕೊಂಡ ಒಬ್ಬ ಮೋಸಗಾರನು ಕರ್ನಾಟಕದ ಒಬ್ಬ ಗೃಹಸ್ಥನನ್ನು ಫೋನಿನ ತೆರೆಯ ಮೇಲೆ ಪ್ರಶ್ನೆಮಾಡುತ್ತಿದ್ದನು: ನಿಮ್ಮ ಹೆಸರಿನ ನಂಬರಿನ ಮೇಲೆ ಹದಿನೇಳು ಫಿರ್ಯಾದಿಗಳು ಬಂದಿವೆ, ಈಗ ಎಲ್ಲಿದ್ದೀರಿ, ಆಧಾರ ಕಾರ್ಡನ್ನು ತೋರಿಸಿರಿ, ಎಂದು. ಆ ಗೃಹಸ್ಥನು ನಮ್ಮ ವಿಜಯಪುರದವನೆಂದು ತಿಳಿದಾಗ ಊರಿನಲ್ಲಿ ಅದೇ ಮಾತಾಯಿತು. ಹೆಸರು ಇಲ್ಲಿ ಬೇಡ. ಆ ಸಂಭಾಷಣೆಯ ಚಿತ್ರವು ಉಳಿದುಕೊಂಡದ್ದರಿಂದ ಕೋಟಿಗಟ್ಟಲೆ ಜನರಿಗೆ ಮೋಸದ ರೀತಿಯು ಕಣ್ಣಾರೆ ಕಾಣುವಂತಾಯಿತು. ನಿಲ್ಲಿರಿ, ಯೋಚಿಸಿರಿ, ಆಮೇಲೆ ಕ್ರಮ ಕೈಕೊಳ್ಳಿರಿ ಎಂಬ ಮೂರು ಸೂಚನೆಗಳು ಆ ದಿವಸವೇ ಕೊಡಲ್ಪಟ್ಟವು. ಇದನ್ನು ಡಿಜಿಟಲ್ ಅರೆಸ್ಟ್ ಎಂದು ಕರೆಯುತ್ತಾರೆ. 2024ನೆಯ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಾಗಲಿ, ಅದಕ್ಕೂ ಮುಂಚಿನ ಕಾಯಿದೆಯಲ್ಲಾಗಲಿ, ಫೋನಿನ ಮೂಲಕ ದಸ್ತಗಿರಿಮಾಡುವ ಪದ್ಧತಿಯೇ ಇಲ್ಲ.

ಇನ್ನು ಈ ಮೋಸವು ಹೇಗೆ ನಡೆಯುತ್ತದೆಂಬದನ್ನು ನೋಡೋಣ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿರಿ. ತಿಕೋಟಾದ ಒಬ್ಬ ರೈತನು ದ್ರಾಕ್ಷಿಯನ್ನು ಒಣಗಿಸಿ, ಒಣದ್ರಾಕ್ಷಿಯನ್ನು ತಾಸಗಾಂವಿಯ ಪೇಟೆಯಲ್ಲಿ ಮಾರಿ, ಬಂದ ಹಣವನ್ನು ಮಗಳ ಓದಿಗಾಗಿ ಬ್ಯಾಂಕಿನಲ್ಲಿ ಇಟ್ಟಿರುತ್ತಾನೆ. ಅವನಿಗೆ ಕರೆ ಬರುತ್ತದೆ. ತೆರೆಯ ಮೇಲೆ ಕಾಣುವ ನಂಬರು ಭಾರತದ್ದು. ಆದರೆ ಮಾತಾಡುವವನು ಕಾಂಬೋಡಿಯಾದಲ್ಲಿಯೋ ಮ್ಯಾನ್ಮಾರಿನಲ್ಲಿಯೋ ಕುಳಿತಿರಬಹುದು. ಹೊರದೇಶದ ಕರೆಗೆ ಸ್ವದೇಶದ ನಂಬರಿನ ವೇಷವನ್ನು ಹಾಕಿ ಕಳಿಸುವ ಯಂತ್ರಗಳುಂಟು. ಇವು ಎಷ್ಟು ಬರುತ್ತವೆಂದರೆ, 2024ರ ಅಕ್ಟೋಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಇಂಥ ಕರೆಗಳನ್ನು ತಡೆಯುವ ಹೊಸ ಏರ್ಪಾಟನ್ನು ತೊಡಗಿಸಿದಾಗ, ಮೊದಲನೆಯ 24 ಗಂಟೆಗಳಲ್ಲಿಯೇ 1.35 ಕೋಟಿ ಕರೆಗಳು ಗುರುತಿಸಲ್ಪಟ್ಟವು. ಭಯಪಟ್ಟ ರೈತನು ಹಣವನ್ನು ಕಳಿಸಿದನೆಂದರೆ, ಅದು ಹೋಗುವದು ಹೊರದೇಶಕ್ಕಲ್ಲ. ನಮ್ಮ ದೇಶದಲ್ಲಿಯೇ ಯಾರೋ ಒಬ್ಬ ಬಡವನ ಹೆಸರಿನಲ್ಲಿ ತೆರೆದಿರುವ ಬಾಡಿಗೆಯ ಖಾತೆಗೆ. ಅಲ್ಲಿಂದ ಹತ್ತು ಖಾತೆಗಳಿಗೆ, ಹತ್ತರಿಂದ ನೂರಕ್ಕೆ ಹಂಚಿಹೋಗಿ, ಕಡೆಗೆ ಕ್ರಿಪ್ಟೋ ಎಂಬ ಕಣ್ಣಿಗೆ ಕಾಣದ ನಾಣ್ಯವಾಗಿ ಸಮುದ್ರವನ್ನು ದಾಟುತ್ತದೆ. ಇದೆಲ್ಲ ಕೆಲವು ಗಂಟೆಗಳ ಕೆಲಸ. ಧ್ವನಿಯು ಒಂದು ದೇಶದಿಂದ, ಹಣದ ದಾರಿಯು ಎರಡನೆಯದರಲ್ಲಿ, ಯಜಮಾನನು ಮೂರನೆಯದರಲ್ಲಿ! ತಿಕೋಟಾದ ಠಾಣೆಯ ಪೊಲೀಸರು ಎಷ್ಟೇ ದಕ್ಷರಾಗಿದ್ದರೂ ಒಬ್ಬಂಟಿಗರಾಗಿ ಇದನ್ನು ಹಿಂಬಾಲಿಸಲಾರರು.

ಕೇಂದ್ರ ಗೃಹಖಾತೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರದವರು 2024ರ ಮೊದಲನೆಯ ನಾಲ್ಕು ತಿಂಗಳುಗಳ ಲೆಕ್ಕವನ್ನು ಪ್ರಕಟಿಸಿದಾಗ, ಅಪರಾಧಗಳಲ್ಲಿ ನೂರಕ್ಕೆ 46 ಪಾಲು ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್ ಈ ಮೂರು ದೇಶಗಳಿಂದ ಬಂದವೆಂದು ತಿಳಿಸಿದರು. ಆ ನಾಲ್ಕು ತಿಂಗಳುಗಳಲ್ಲಿ ಡಿಜಿಟಲ್ ಅರೆಸ್ಟಿನಿಂದ ಹೋದ ಹಣ 120 ಕೋಟಿ ರೂಪಾಯಿಗೂ ಮಿಕ್ಕಿತ್ತು. ಷೇರು ವ್ಯಾಪಾರದ ಆಸೆಯಿಂದ ಹೋದದ್ದು 1,420 ಕೋಟಿ. ಭಯಕ್ಕಿಂತ ಆಸೆಯೇ ಹೆಚ್ಚು ಹಣವನ್ನು ಒಯ್ದಿದೆ ಎಂಬದನ್ನು ಗಮನಿಸಿರಿ. ಸಂಸತ್ತಿನ ಮುಂದೆ ಇಡಲಾದ ಅಂಕಿಗಳ ಪ್ರಕಾರ, ಎಲ್ಲ ಬಗೆಯ ಸೈಬರ್ ಮೋಸಗಳಿಂದ ದೇಶಕ್ಕಾದ ನಷ್ಟವು 2023ರಲ್ಲಿ 7,465 ಕೋಟಿ ಇದ್ದದ್ದು 2024ರಲ್ಲಿ 22,845 ಕೋಟಿಯಾಯಿತು. ಆದರೆ ಅಂಕಿಗಳು ಎಲ್ಲವನ್ನೂ ಹೇಳಲಾರವು. 2025ರ ಮಾರ್ಚ್ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ವೃದ್ಧ ದಂಪತಿಗಳಿಬ್ಬರು ಇಂಥ ಕರೆಗಳ ಹಿಂಸೆಯನ್ನು ತಾಳಲಾರದೆ ಪ್ರಾಣವನ್ನೇ ಕಳೆದುಕೊಂಡರು. ಅವರ ಐವತ್ತು ಲಕ್ಷಕ್ಕೂ ಮಿಕ್ಕಿದ ಹಣವು ಹೋಗಿತ್ತು. ಯಾರ ಮುಂದೆಯೂ ಬಾಯಿಬಿಡದಂತೆ ಅವರನ್ನು ಕಟ್ಟಿಹಾಕಿದ್ದು ನಾಚಿಕೆಯೂ ಅಂಜಿಕೆಯೂ ಆಗಿದ್ದವು.

ನೆರೆಯ ದೇಶಗಳ ಸಹಕಾರವು ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬದಕ್ಕೆ ಬಾಂಗ್ಲಾದೇಶದ ಒಂದು ಸಂಗತಿಯು ಒಳ್ಳೆಯ ಪಾಠವಾಗಿದೆ. ಇದನ್ನು ನಾನು ಪ್ರತಿ ವರುಷವೂ ತರಗತಿಯಲ್ಲಿ ಹೇಳುತ್ತೇನೆ. ಹುಡುಗಿಯರು ಕಥೆಯಂತೆ ಕೇಳುತ್ತಾರೆ. 2016ನೆಯ ಫೆಬ್ರುವರಿ 4, ಗುರುವಾರ ರಾತ್ರಿ, ಕಳ್ಳರು ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಗಣಕಯಂತ್ರಗಳೊಳಗೆ ಹೊಕ್ಕು, ಬ್ಯಾಂಕಿನವರೇ ಬರೆದಂತೆ 35 ಆಜ್ಞೆಗಳನ್ನು ನ್ಯೂಯಾರ್ಕಿಗೆ ಕಳಿಸಿದರು. ಕೇಳಿದ ಮೊತ್ತವು ಹೆಚ್ಚುಕಡಿಮೆ 95 ಕೋಟಿ ಡಾಲರು. ಮರುದಿನ ಶುಕ್ರವಾರ ಢಾಕಾದಲ್ಲಿ ರಜೆ. ಶನಿವಾರ, ರವಿವಾರ ನ್ಯೂಯಾರ್ಕಿನಲ್ಲಿ ರಜೆ. ಸೋಮವಾರ ಚೀನೀಯರ ಹೊಸ ವರುಷವಾದದ್ದರಿಂದ ಮನಿಲಾದಲ್ಲಿ ರಜೆ. ಕಳ್ಳರು ಪಂಚಾಂಗವನ್ನು ನಮ್ಮ ಜೋಯಿಸರಿಗಿಂತ ಚೆನ್ನಾಗಿ ನೋಡಿಕೊಂಡಿದ್ದರು.

ಬಹುಪಾಲು ಆಜ್ಞೆಗಳು ತಡೆಯಲ್ಪಟ್ಟು, 10 ಕೋಟಿ 10 ಲಕ್ಷ ಡಾಲರು ಮಾತ್ರ ಹೊರಬಿತ್ತು. ಅದರಲ್ಲಿ 2 ಕೋಟಿಯು ಶ್ರೀಲಂಕೆಯ ಒಂದು ಸಂಸ್ಥೆಯ ಹೆಸರಿಗೆ ಹೋಗಬೇಕಾಗಿತ್ತು. ಆದರೆ ಕಳ್ಳರು 'ಫೌಂಡೇಶನ್' ಎಂಬ ಮಾತನ್ನು ಬರೆಯುವಾಗ ಅಕ್ಷರ ತಪ್ಪಿ 'ಫ್ಯಾಂಡೇಶನ್' ಎಂದು ಬರೆದಿದ್ದರು! ನಡುವಿನ ಬ್ಯಾಂಕಿನವರು ಇದೇನೆಂದು ವಿಚಾರಿಸಿದರು. ಹಣವು ನಿಂತು ಹಿಂದಕ್ಕೆ ಬಂದಿತು. (ಶುದ್ಧಲೇಖನವು ಯಾವ ಉಪಯೋಗಕ್ಕೆ ಎಂದು ಕೇಳುವ ಹುಡುಗಿಯರಿಗೆ ಇದಕ್ಕಿಂತ ಹೆಚ್ಚಿನ ಉತ್ತರವನ್ನು ನಾನು ಕೊಡುವದಿಲ್ಲ.) ಉಳಿದ 8 ಕೋಟಿ 10 ಲಕ್ಷವು ಮನಿಲಾದ ಒಂದು ಬ್ಯಾಂಕಿನ ಶಾಖೆಯನ್ನು ಮುಟ್ಟಿತು. ತಡೆಯಿರೆಂದು ಢಾಕಾದಿಂದ ಹೋದ ಸಂದೇಶವು ರಜೆಯ ದಿನ ತಲಪಿತು. ಮಂಗಳವಾರ ಬಾಗಿಲು ತೆರೆದ ಮೇಲೆಯೂ ಹಣವು ಹೊರಗೆ ಹೋಗುತ್ತಲೇ ಇತ್ತು. ಅಲ್ಲಿಂದ ಅದು ಜೂಜುಕಟ್ಟೆಗಳನ್ನು ಸೇರಿತು. ಆ ಕಾಲಕ್ಕೆ ಫಿಲಿಪೀನ್ಸಿನ ಹಣ ಚಲುವೆಯ ತಡೆಗಾಯಿದೆಯು ಜೂಜುಕಟ್ಟೆಗಳಿಗೆ ಅನ್ವಯಿಸುತ್ತಿದ್ದಿಲ್ಲ. 2017ರಲ್ಲಿ ತಿದ್ದುಪಡಿಯಾದ ಮೇಲೆಯೇ ಅನ್ವಯವಾಯಿತು. ಆ ದೇಶದಿಂದ ಬಾಂಗ್ಲಾದೇಶಕ್ಕೆ 2016ರ ನವೆಂಬರಿನಲ್ಲಿ ಹಿಂದಿರುಗಿದ್ದು ಸುಮಾರು ಒಂದೂವರೆ ಕೋಟಿ ಡಾಲರು ಮಾತ್ರ. ಹಣವು ಒಂದು ರಾತ್ರಿಯಲ್ಲಿ ಹೋಯಿತು. ಆ ಅಲ್ಪಭಾಗವು ಬರುವದಕ್ಕೆ ಒಂಬತ್ತು ತಿಂಗಳು ಹಿಡಿಯಿತು.

ಹಾಗಾದರೆ ದೇಶಗಳು ಕೈಕಟ್ಟಿ ಕುಳಿತಿವೆಯೇ? ಇಲ್ಲ. ನಮ್ಮ ದೇಶದಲ್ಲಿ ಗಣಕಜಾಲದ ತುರ್ತು ಸಂಸ್ಥೆಯು 2004ರಲ್ಲಿ ಹುಟ್ಟಿತು. ಸರ್ಟ್-ಇನ್ ಎಂದು ಅದರ ಹೆಸರು. ಏಷ್ಯಾ ಮತ್ತು ಪೆಸಿಫಿಕ್ ಸೀಮೆಯ ಇಂಥ ಸಂಸ್ಥೆಗಳು 2003ರಿಂದ ಒಂದು ಕೂಟವಾಗಿ ಸೇರಿಕೊಂಡಿರುತ್ತವೆ. ಒಂದು ದೇಶದಲ್ಲಿ ಹೊಸ ರೋಗ ಕಂಡರೆ ಉಳಿದವರಿಗೆ ಸುದ್ದಿ ಕೊಡುವದು ಅದರ ಕೆಲಸ. ಪ್ಲೇಗಿನ ಸುದ್ದಿಯನ್ನು ಒಂದು ಬಂದರದಿಂದ ಇನ್ನೊಂದಕ್ಕೆ ತಂತಿಯ ಮೂಲಕ ಮುಟ್ಟಿಸುತ್ತಿದ್ದಂತೆ ಇದು. ಬಂಗಾಲ ಉಪಸಾಗರದ ಸುತ್ತಲಿನ ಏಳು ದೇಶಗಳ ಬಿಮ್‌ಸ್ಟೆಕ್ ಸಂಘವು, ಕ್ರಿಮಿನಲ್ ಖಟ್ಲೆಗಳಲ್ಲಿ ಪರಸ್ಪರ ನೆರವಾಗುವ ಒಪ್ಪಂದಕ್ಕೆ 2022ರ ಮಾರ್ಚಿನಲ್ಲಿ ಕೊಲಂಬೋದಲ್ಲಿ ಸಹಿ ಹಾಕಿತು. ಮ್ಯಾನ್ಮಾರ್, ಥೈಲ್ಯಾಂಡುಗಳು ಈ ಸಂಘದಲ್ಲಿ ಉಂಟು, ಕಾಂಬೋಡಿಯಾ, ಲಾವೋಸುಗಳು ಇಲ್ಲ. ಆ ಎರಡು ದೇಶಗಳು ಆಸಿಯಾನ್ ಸಂಘದಲ್ಲಿವೆ. ಆಸಿಯಾನಿನವರು 2024ರ ಅಕ್ಟೋಬರಿನಲ್ಲಿ ಸಿಂಗಪುರದಲ್ಲಿ ತಮ್ಮದೊಂದು ತುರ್ತುಕೇಂದ್ರವನ್ನು ತೆರೆದರು. ಭಾರತ, ಶ್ರೀಲಂಕಾ, ಮಾಲ್ದೀವ್ಸ್, ಮಾರಿಷಸ್ ದೇಶಗಳು 2024ರ ಆಗಸ್ಟ್ 30ರಂದು ಕೊಲಂಬೋ ಭದ್ರತಾ ಸಭೆಯ ಸನ್ನದಿಗೆ ಸಹಿ ಮಾಡಿದವು. ಅದರ ಐದು ಕೆಲಸಗಳಲ್ಲಿ ಸೈಬರ್ ಸುರಕ್ಷತೆಯೂ ಒಂದು. ಸಾರ್ಕ್ ಸಂಘದ ಮುಖ್ಯಸ್ಥರ ಸಭೆಯಾದರೋ 2014ರಲ್ಲಿ ಕಾಠ್ಮಂಡುವಿನಲ್ಲಿ ಕೂಡಿದ ಮೇಲೆ ಮತ್ತೆ ಕೂಡಿಲ್ಲ.

ಇಷ್ಟು ಹೆಸರುಗಳನ್ನು ಬರೆದರೂ ನನಗೆ ಸಮಾಧಾನವಿಲ್ಲವೆಂದು ಹೇಳಬೇಕು. ಸಭೆಗಳೂ ಸನ್ನದುಗಳೂ ಹೆಚ್ಚಾಗಿವೆ. ಹಿಡಿಯಲ್ಪಟ್ಟ ಯಜಮಾನರು ಕಡಿಮೆ. ಕಾರಣವೇನಂದರೆ, ಹಣವು ಕ್ಷಣದಲ್ಲಿ ಓಡುತ್ತದೆ, ಕಾಗದವು ತಿಂಗಳುಗಟ್ಟಲೆ ನಡೆಯುತ್ತದೆ. ಒಂದು ಖಾತೆಯ ವಿವರವು ಬೇಕಾದರೆ ಇಲ್ಲಿಯ ಪೊಲೀಸರು ನ್ಯಾಯಾಲಯಕ್ಕೂ, ಅಲ್ಲಿಂದ ದಿಲ್ಲಿಯ ಗೃಹಖಾತೆಗೂ, ಅಲ್ಲಿಂದ ಪರದೇಶದ ಸರಕಾರಕ್ಕೂ ಪತ್ರವನ್ನು ಸಾಗಿಸಬೇಕು. ಈ ವಿಳಂಬವನ್ನು ನೀಗುವದಕ್ಕಾಗಿ ಯುರೋಪಿನವರು 2001ರಲ್ಲಿ ಬುಡಾಪೆಸ್ಟ್ ಒಡಂಬಡಿಕೆಯನ್ನು ಮಾಡಿದರು. ಹಗಲು ರಾತ್ರಿ ಎಚ್ಚರವಿರುವ ಒಬ್ಬ ಅಧಿಕಾರಿಯು ಪ್ರತಿ ದೇಶದಲ್ಲಿರಬೇಕು ಎಂಬದು ಅದರ ಒಳ್ಳೆಯ ನಿಯಮ. ತಯಾರಿಸುವಾಗ ತಮ್ಮನ್ನು ಕರೆಯದೆ ಇದ್ದ ಒಡಂಬಡಿಕೆಯೆಂದು ಭಾರತದವರು ಅದಕ್ಕೆ ಸೇರಲಿಲ್ಲ. ಆ ಮೇಲೆ ಸಂಯುಕ್ತ ರಾಷ್ಟ್ರಸಂಘವು 2024ರ ಡಿಸೆಂಬರ್ 24ರಂದು ಇನ್ನೊಂದು ಒಡಂಬಡಿಕೆಯನ್ನು ಅಂಗೀಕರಿಸಿತು. 2025ರ ಅಕ್ಟೋಬರಿನಲ್ಲಿ ವಿಯೆಟ್ನಾಮಿನ ಹನೋಯಿ ಪಟ್ಟಣದಲ್ಲಿ ಅದನ್ನು ಸಹಿಗಾಗಿ ತೆರೆದಾಗ 70ಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು. ಸಹಿಯಿಂದಲೇ ಅದು ಜಾರಿಗೆ ಬರುವದಿಲ್ಲ. 40 ದೇಶಗಳು ತಮ್ಮ ತಮ್ಮ ಮನೆಯಲ್ಲಿ ಅದನ್ನು ಸ್ಥಿರೀಕರಿಸಬೇಕು. ಇದರಲ್ಲಿಯೂ ಹಗಲು ರಾತ್ರಿ ಎಚ್ಚರವಿರುವ ಅಧಿಕಾರಿಯ ನಿಯಮವುಂಟು. ಜತ್ತದ ಮಾತನ್ನು ನೆನಪಿಡಿರೆಂದು ಹೇಳಿದ್ದು ಇದಕ್ಕಾಗಿಯೇ.

ಸಹಕಾರವು ಫಲಿಸಿದ ಒಂದು ಸಂಗತಿಯನ್ನು ತುಸು ವಿಸ್ತಾರವಾಗಿ ಹೇಳುವೆನು; ಇದು ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಪಾಲಕರಿಗೆ ಬಹಳ ಅವಶ್ಯವಾದದ್ದು. ಥೈಲ್ಯಾಂಡಿಗೂ ಮ್ಯಾನ್ಮಾರಿಗೂ ನಡುವೆ ಮೋಯಿ ಎಂಬ ಹೊಳೆ ಹರಿಯುತ್ತದೆ. ಈಚೆ ಥೈಲ್ಯಾಂಡಿನ ಮೇ ಸೋಟ್. ಆಚೆ ಮ್ಯಾನ್ಮಾರಿನ ಮ್ಯಾವಡಿ. ಆಚೆಯ ದಂಡೆಯಲ್ಲಿ ಎತ್ತರವಾದ ಗೋಡೆಗಳೊಳಗೆ ಮೋಸದ ಕಾರಖಾನೆಗಳು ಎದ್ದವು. ಅಲ್ಲಿ ಫೋನು ಮಾಡುವವರೆಲ್ಲರೂ ಕಳ್ಳರಲ್ಲ. ಥೈಲ್ಯಾಂಡಿನಲ್ಲಿ ಗಣಕಯಂತ್ರದ ಕೆಲಸ, ಒಳ್ಳೆಯ ಸಂಬಳ, ವಿಮಾನದ ಖರ್ಚು ನಮ್ಮದು, ಎಂಬ ಮಾತನ್ನು ನಂಬಿ ಹೋದ ಹುಡುಗರೂ ಹುಡುಗಿಯರೂ ಹೊಳೆಯಾಚೆಗೆ ಸಾಗಿಸಲ್ಪಟ್ಟು, ರಹದಾರಿ ಪತ್ರವನ್ನು ಕಸಿದುಕೊಳ್ಳಲ್ಪಟ್ಟು, ಹೊಡೆತಕ್ಕೆ ಅಂಜಿ ಸ್ವಂತ ದೇಶದವರನ್ನೇ ಮೋಸಗೊಳಿಸುವ ಕೆಲಸಕ್ಕೆ ಹಚ್ಚಲ್ಪಟ್ಟರು. ತಿಕೋಟಾದ ರೈತನನ್ನು ಅಂಜಿಸುವ ಧ್ವನಿಯು ತಾನೇ ಸೆರೆಯಲ್ಲಿರುವ ಒಬ್ಬ ಭಾರತೀಯನ ಧ್ವನಿಯಾಗಿರಬಹುದು. ಈ ಸಂಗತಿಯನ್ನು ಹೇಳಿದಾಗ ತರಗತಿಯು ನಿಶ್ಶಬ್ದವಾಗುತ್ತದೆ.

2025ನೆಯ ಫೆಬ್ರುವರಿ 5ರಂದು ಥೈಲ್ಯಾಂಡಿನ ಸರಕಾರವು ಎಲ್ಲೆಯಾಚೆಯ ಐದು ಸ್ಥಳಗಳಿಗೆ ತನ್ನ ಕಡೆಯಿಂದ ಹೋಗುತ್ತಿದ್ದ ವಿದ್ಯುಚ್ಛಕ್ತಿ, ಇಂಟರ್‌ನೆಟ್, ಇಂಧನ ಎಲ್ಲವನ್ನೂ ನಿಲ್ಲಿಸಿತು. ಚೀನಾದೇಶದ ಒತ್ತಾಯವೂ ಇದಕ್ಕೆ ಕಾರಣವಾಗಿತ್ತು. ಸಾವಿರಾರು ಜನರು ಬಿಡುಗಡೆ ಹೊಂದಿದರು. ಮಾರ್ಚ್ 10ರಂದು 283 ಮಂದಿಯನ್ನೂ ಮರುದಿನ 266 ಮಂದಿಯನ್ನೂ ಭಾರತದ ವಾಯುಪಡೆಯ ವಿಮಾನಗಳು ಮೇ ಸೋಟಿನಿಂದ ಕರೆತಂದವು. ಅದೇ ವರುಷದ ನವೆಂಬರಿನಲ್ಲಿ ಇನ್ನೂ ನೂರಾರು ಮಂದಿ ಅದೇ ದಾರಿಯಿಂದ ಬಂದರು. ಮೂರು ನಾಲ್ಕು ದೇಶಗಳು ಒಂದೇ ಕೆಲಸಕ್ಕೆ ಕೈಹಚ್ಚಿದ್ದರಿಂದ ಇದಾಯಿತು. ಆದರೆ ಅದೇ ವರುಷದ ಜುಲೈಯಲ್ಲಿ ಥೈಲ್ಯಾಂಡಿಗೂ ಕಾಂಬೋಡಿಯಾಕ್ಕೂ ಎಲ್ಲೆಯ ಸಲುವಾಗಿ ಕಾಳಗವೇ ನಡೆಯಿತು. ಹೀಗೆ ಗುಂಡು ಹಾರಿಸಿಕೊಳ್ಳುವ ನೆರೆಯವರು ಕಳ್ಳನ ಖಾತೆಯ ವಿವರವನ್ನು ಒಬ್ಬರಿಗೊಬ್ಬರು ಎಷ್ಟರ ಮಟ್ಟಿಗೆ ಕೊಟ್ಟಾರು?

ದೋಷವೆಲ್ಲವೂ ಪರದೇಶದವರದೇ ಎಂದು ಎಣಿಸುವದು ಸರಿಯಲ್ಲ. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಒಂದು ಕಾಲ್ ಸೆಂಟರಿನ ಮೇಲೆ ಪೊಲೀಸರು ದಾಳಿಮಾಡಿ 33 ಮಂದಿಯನ್ನು ಹಿಡಿದರು; ಅವರು ಫೋನಿನ ಮೂಲಕ ಅಮೇರಿಕದವರನ್ನು ಮೋಸಗೊಳಿಸುತ್ತಿದ್ದರೆಂಬ ಆರೋಪ. ಮ್ಯಾವಡಿಯನ್ನು ಕುರಿತು ನಾವು ಮಾಡುವ ದೂರನ್ನು ಅಲ್ಲಿಯ ಯಾರೋ ಒಬ್ಬ ಮುದುಕಿಯು ಬೆಳಗಾವಿಯನ್ನು ಕುರಿತು ಮಾಡುತ್ತಿರಬಹುದು. ನಾವು ಇತರರಿಂದ ಕೇಳುವ ಸಹಾಯವನ್ನು ಇತರರಿಗೂ ಕೊಟ್ಟರೆ ಮಾತ್ರ ಒಪ್ಪಂದವು ಒಪ್ಪಂದವಾಗುತ್ತದೆ. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟು ಡಿಜಿಟಲ್ ಅರೆಸ್ಟಿನ ಪ್ರಕರಣಗಳ ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿ, ಇಂಟರ್‌ಪೋಲಿನ ಸಹಾಯವನ್ನು ಪಡೆಯಬೇಕೆಂದು ಅಪ್ಪಣೆ ಮಾಡಿತು.

ಇನ್ನು ಮನೆಯ ಮಾತು. ಹಣವು ಹೋದ ಕೂಡಲೆ 1930 ಎಂಬ ನಂಬರಿಗೆ ಫೋನು ಮಾಡಬೇಕು. ನಮ್ಮ ಜಿಲ್ಲೆಯ ಸಿ.ಇ.ಎನ್. ಠಾಣೆಯು ವಿಜಯಪುರದಲ್ಲಿಯೇ ಇರುತ್ತದೆ. ಆದರೆ ತಿಕೋಟಾದಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗಿ ಆ ಮೇಲೆ ಹೇಳೋಣವೆಂದು ತಡಮಾಡಬಾರದು. ಮೊದಲು ಫೋನು, ಆ ಮೇಲೆ ಬಸ್ಸು. ಹಣವು ಇನ್ನೂ ದೇಶದೊಳಗಿನ ಖಾತೆಗಳಲ್ಲಿ ಸುತ್ತುತ್ತಿರುವಾಗಲೇ ಬ್ಯಾಂಕುಗಳು ಅದನ್ನು ಹಿಡಿದು ನಿಲ್ಲಿಸಬಲ್ಲವು. 2021ರಲ್ಲಿ ತೊಡಗಿದ ಈ ಏರ್ಪಾಟಿನಿಂದ 2025ರ ನಡುವಿನ ವರೆಗೆ 5,400 ಕೋಟಿ ರೂಪಾಯಿಗೂ ಮಿಕ್ಕಿದ ಹಣವು ಹೀಗೆ ಉಳಿಸಲ್ಪಟ್ಟಿದೆ. ಸಮುದ್ರ ದಾಟಿದ ಮೇಲೆ ಮೇಲೆ ಹೇಳಿದ ಒಪ್ಪಂದಗಳ ಕಾಲ. ದಾಟುವ ಮೊದಲು ನಿಮ್ಮ ಕಾಲ. ಬ್ಯಾಂಕುಗಳಲ್ಲಿ ಕೆಲಸಮಾಡುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ವಿಶೇಷ ಬಿನ್ನಹ: ವಯಸ್ಸಾದವರು ಒಬ್ಬರೇ ಬಂದು, ಮುಖ ಬಾಡಿಸಿಕೊಂಡು, ಠೇವಣಿಯನ್ನೆಲ್ಲ ಮುರಿಸಿ ಗೊತ್ತಿಲ್ಲದ ಖಾತೆಗೆ ಕಳಿಸಬೇಕೆಂದರೆ, ಸಾಲು ಎಷ್ಟೇ ಉದ್ದವಿರಲಿ, ಅವರನ್ನು ಒಳಗೆ ಕೂರಿಸಿ ಒಂದು ಲೋಟ ನೀರು ಕೊಟ್ಟು ಮಾತಾಡಿಸಿರಿ. ಮನೆಯಲ್ಲಿ ಯಾರಾದರೂ ಮೋಸಹೋಗಿದ್ದರೆ ಅವರನ್ನು ಹಂಗಿಸಬೇಡಿರಿ. ಖಾನಾಪುರದ ಆ ವೃದ್ಧರ ನೆನಪು ನಿಮಗಿರಲಿ.

ಥೈಲ್ಯಾಂಡ್, ಕಾಂಬೋಡಿಯಾ, ಲಾವೋಸುಗಳಲ್ಲಿ ಕೆಲಸವೆಂದು ನಿಮ್ಮ ಮಕ್ಕಳಿಗೆ ಪತ್ರ ಬಂದರೆ, ಕಳಿಸುವ ದಲ್ಲಾಳಿಯು ಭಾರತ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಂದಾಯಿತನಾಗಿದ್ದಾನೆಯೋ ಎಂಬದನ್ನು ಮೊದಲು ನೋಡಬೇಕು. ಯಾತ್ರಿಕರ ವೀಸಾದ ಮೇಲೆ ಹೋಗಿ ಅಲ್ಲಿ ಕೆಲಸದ ವೀಸಾ ಮಾಡಿಸೋಣವೆಂದು ಹೇಳುವವನನ್ನು ಮನೆಯೊಳಗೆ ಸೇರಿಸಬೇಡಿರಿ. ಇಂಗ್ಲಿಷಿನಲ್ಲಿರುವ ಕಾಗದಗಳನ್ನು ಓದುವದು ಕಷ್ಟವಾದರೆ ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಆಫೀಸಿಗೆ ತನ್ನಿರಿ. ಶಿಕ್ಷಕಿಯರಲ್ಲಿ ಒಬ್ಬರು ಕೂತು ಓದಿ ಅರ್ಥವನ್ನು ಹೇಳುವರು.